ಬರ್ನಾರ್ಡ್ ಷಾ ಹೇಳಿದರಂತೆ

ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು ಒಂದು ಮಧ್ಯಾಹ್ನ ಪಾಠ ನಿಲ್ಲಿಸಿ ಕರಿಹಲಗೆಯ ಮೇಲೆ ಐದು ಅಕ್ಷರ ಬರೆದರು. ಜಿ, ಎಚ್, ಓ, ಟಿ, ಐ. ‘ಏನಿದು, ಓದಿ’ ಅಂದರು. ಇಡೀ ತರಗತಿ ‘ಘೋಟಿ’ ಎಂದು ಕೂಗಿತು. ಅಲ್ಲ ಎಂದು ತಲೆಯಾಡಿಸಿ ಒಂದೊಂದಾಗಿ ಬಿಡಿಸುತ್ತ ಬಂದರು. ‘ಇನಫ್’ ಎನ್ನುವಾಗ ಕೊನೆಯ ಜಿ-ಎಚ್ ಏನಾಗುತ್ತದೆ? ಫ್. ‘ವಿಮೆನ್’ ಎನ್ನುವಾಗ ಓ ಏನಾಗುತ್ತದೆ? ಇ. ‘ನೇಷನ್’ ಎನ್ನುವಾಗ ಟಿ-ಐ? ಶ್. ಹಾಗಿದ್ದರೆ ಇದು ಫಿಶ್, ಅಂದರೆ ಮೀನು. ಕ ಬರೆದರೆ ಕ ಎಂದೇ ಓದುವ ಲಿಪಿಯಲ್ಲಿ ಬೆಳೆದು, ಇಂಗ್ಲಿಷಿನ ಕಾಗುಣಿತಕ್ಕಾಗಿ ಏಟು ತಿನ್ನುತ್ತಿದ್ದ ಮಕ್ಕಳಿಗೆ ಅದು ಎಂಥ ಸಮಾಧಾನ! ತಪ್ಪು ನಮ್ಮದಲ್ಲ, ಆ ಭಾಷೆಯದೇ ಎಂದು ದೊಡ್ಡವರೊಬ್ಬರು ಒಪ್ಪಿಕೊಂಡ ಹಾಗಾಯಿತು. ‘ಇದನ್ನು ಹೇಳಿದವರು ಬರ್ನಾರ್ಡ್ ಷಾ’ ಎಂದರು ಮೇಷ್ಟ್ರು. ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಐದು ಅಕ್ಷರ ಬರೆದು, ಕೆಳಗೆ ಆ ಹೆಸರನ್ನೂ ಬರೆದುಕೊಂಡೆ. ಷಾ ಎಂಬ ನಾಟಕಕಾರ ನನ್ನ ಬದುಕಿನೊಳಗೆ ಬಂದದ್ದು ಹಾಗೆ.

ಅವರ ನಾಟಕಗಳನ್ನು ಓದಿದ್ದು ಆಮೇಲೆ. ಆ ಮೀನಿನ ಮಾತು ಅವರದಲ್ಲ ಎಂದು ತಿಳಿದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ.

ಚಾರ್ಲ್ಸ್ ಆಲಿಯರ್ ಎಂಬವರು ಲಂಡನ್ನಿನಲ್ಲಿ ಪುಸ್ತಕ ಪ್ರಕಾಶಕರಾಗಿದ್ದರು. ಕೀಟ್ಸ್ ಮತ್ತು ಶೆಲ್ಲಿ ಇನ್ನೂ ಹೆಸರು ಮಾಡದಿದ್ದ ಕಾಲದಲ್ಲಿ ಅವರ ಕವಿತೆಗಳನ್ನು ಅಚ್ಚು ಹಾಕಿಸಿದವರು. ಅವರು 1855ರ ಡಿಸೆಂಬರ್ 11ರಂದು ಗೆಳೆಯ ಲೀ ಹಂಟ್‌ಗೆ ಬರೆದ ಪತ್ರದಲ್ಲಿ, ತಮ್ಮ ಮಗ ವಿಲಿಯಂ ಮೀನನ್ನು ಬರೆಯಲು ಹೊಸ ಕಾಗುಣಿತವೊಂದನ್ನು ಕಂಡುಹಿಡಿದಿದ್ದಾನೆ ಎಂದು ಹೇಳಿ, ಅವೇ ಐದು ಅಕ್ಷರಗಳನ್ನು ವಿವರಿಸಿದ್ದಾರೆ. ಈ ಪತ್ರ 1874ರಲ್ಲಿ ಒಂದು ಮಾಸಪತ್ರಿಕೆಯ ಲೇಖನದಲ್ಲಿ ಅಚ್ಚಾಯಿತು. ಜಾರ್ಜ್ ಬರ್ನಾರ್ಡ್ ಷಾ ಡಬ್ಲಿನ್ನಿನಲ್ಲಿ ಹುಟ್ಟಿದ್ದು 1856ರ ಜುಲೈ 26ರಂದು. ಅವರು ಹುಟ್ಟುವುದಕ್ಕೆ ಏಳು ತಿಂಗಳು ಮೊದಲೇ ಆ ಮಾತು ಹುಟ್ಟಿ, ಕಾಗದದ ಮೇಲೆ ಕೂತು, ಅಂಚೆಯಲ್ಲಿ ಹೋಗಿಯೂ ಆಗಿತ್ತು.

ಇದನ್ನು ಓದಿದ ದಿನ ನನಗೆ ಮೊದಲು ನೆನಪಾದದ್ದು ಷಾ ಅಲ್ಲ, ವಿಲಿಯಂ ಆಲಿಯರ್. ಬದುಕಿನಲ್ಲಿ ಒಂದೇ ಒಂದು ಸೊಗಸಾದ ಮಾತು ಹೊಳೆದು, ಅದು ಇಡೀ ಪ್ರಪಂಚದ ಶಾಲೆಗಳನ್ನು ಸುತ್ತುತ್ತಿದ್ದರೂ ಆಡಿದವನ ಹೆಸರಿಲ್ಲ. ಷಾ ಅವರಿಗೇನು, ಅರವತ್ತಕ್ಕೂ ಹೆಚ್ಚು ನಾಟಕಗಳಿವೆ, ನೊಬೆಲ್ ಇದೆ, ಆಸ್ಕರ್ ಕೂಡ ಇದೆ. ವಿಲಿಯಂಗೆ ಇದ್ದದ್ದು ಇದೊಂದೇ. ಹಾಸ್ಯದ ಮಾತುಗಳ ಮೂಲ ಹುಡುಕುವುದು ಪಂಡಿತರ ಹೊತ್ತುಹೋಗದ ಕೆಲಸ ಎಂದುಕೊಂಡಿದ್ದ ನನಗೆ ಅಂದಿನಿಂದ ಅದು ಬಾಕಿ ಉಳಿದ ಸಾಲ ತೀರಿಸುವ ಕೆಲಸದ ಹಾಗೆ ಕಾಣತೊಡಗಿತು.

ಮಾತು ಷಾ ಅವರ ಹೆಗಲೇರಿದ್ದಕ್ಕೆ ಕಾರಣವಿದೆ. ಇಂಗ್ಲಿಷಿನ ಕಾಗುಣಿತದ ಮೇಲೆ ಅವರು ಜೀವನಪೂರ್ತಿ ಯುದ್ಧ ಹೂಡಿದ್ದರು. ‘ಪಿಗ್ಮೇಲಿಯನ್’ ನಾಟಕದ ನಾಯಕ ಉಚ್ಚಾರಶಾಸ್ತ್ರದ ಪ್ರೊಫೆಸರ್. ಕನಿಷ್ಠ ನಲವತ್ತು ಅಕ್ಷರಗಳ ಹೊಸ ವರ್ಣಮಾಲೆಯೊಂದನ್ನು ಮಾಡಿಸಲು ಷಾ ತಮ್ಮ ಉಯಿಲಿನಲ್ಲೇ ಹಣ ತೆಗೆದಿಟ್ಟರು. ಉಯಿಲು ಕೋರ್ಟಿನ ಮೆಟ್ಟಿಲು ಹತ್ತಿ, ಕೊನೆಗೆ ರಾಜಿಯಲ್ಲಿ ಸಿಕ್ಕ ಸಣ್ಣ ಮೊತ್ತದಲ್ಲಿ ಆ ಲಿಪಿ ತಯಾರಾಗಿ, 1962ರಲ್ಲಿ ‘ಆಂಡ್ರೊಕ್ಲಿಸ್ ಅಂಡ್ ದ ಲಯನ್’ ನಾಟಕ ಎರಡೂ ಲಿಪಿಗಳಲ್ಲಿ ಎದುರುಬದುರಾಗಿ ಅಚ್ಚಾಯಿತು. ಇಂಥವರು ಮೀನಿನ ಮಾತು ಆಡಿರಲೇಬೇಕು ಎಂದು ಜನ ತೀರ್ಮಾನಿಸಿದರು. ಆಡಿರಬಹುದಾದವರು ಎಂಬಲ್ಲಿಂದ ಆಡಿದವರು ಎಂಬಲ್ಲಿಗೆ ಬರುವುದು ಎಷ್ಟು ಸಲೀಸು!

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸರ್ವಜ್ಞನನ್ನು ನೋಡಿ. ತ್ರಿಪದಿಯ ಮಟ್ಟು ಎಲ್ಲರ ಕಿವಿಯಲ್ಲೂ ಇದೆ, ಕೊನೆಗೆ ಅಂಕಿತ ಕೂರಿಸುವ ಜಾಗವೂ ಗೊತ್ತು. ಉತ್ತಂಗಿ ಚನ್ನಪ್ಪನವರು ಸಂಗ್ರಹಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದಾಗಿನಿಂದ ಇವತ್ತಿನವರೆಗೂ ಯಾವುದು ಅವನದು, ಯಾವುದು ಅವನ ಅಂಕಿತ ತೊಟ್ಟು ಬಂದದ್ದು ಎಂಬ ವಿಚಾರ ಮುಗಿದಿಲ್ಲ. ಸಂಸ್ಕೃತದ ಚಾಟು ಶ್ಲೋಕಗಳಿಗೂ ಇದೇ ಗತಿ. ಬಲ್ಲಾಳನ ‘ಭೋಜಪ್ರಬಂಧ’ದಲ್ಲಿ ಕಾಳಿದಾಸ, ಬಾಣ, ಭವಭೂತಿ ಎಲ್ಲರೂ ಭೋಜರಾಜನ ಸಭೆಯಲ್ಲಿ ಒಟ್ಟಿಗೆ ಕೂತು ಸಮಸ್ಯಾಪೂರ್ತಿ ಮಾಡುತ್ತಾರೆ. ಶತಮಾನಗಳ ಅಂತರ ಅಲ್ಲಿ ಲೆಕ್ಕಕ್ಕಿಲ್ಲ. ತೆನಾಲಿ ರಾಮಕೃಷ್ಣನ ಕತೆಯನ್ನೇ ಉತ್ತರದವರು ಬೀರಬಲನ ಕತೆಯಾಗಿ ಹೇಳುತ್ತಾರೆ. ಬೆಂಗಳೂರು ಮೈಸೂರುಗಳ ಹಳಬರಲ್ಲಿ ಕೈಲಾಸಂ ಮಾತುಗಳೆಂದು ಓಡಾಡುವುದಕ್ಕೆ ಮಿತಿಯೇ ಇಲ್ಲ. ಕೈಲಾಸಂ ತಮ್ಮ ನಾಟಕಗಳನ್ನೇ ಬಾಯಲ್ಲಿ ಹೇಳಿ ಗೆಳೆಯರಿಂದ ಬರೆಸಿದವರು. ಅವರ ಹರಟೆಗೆ ಲಿಪಿಕಾರರು ಎಲ್ಲಿಂದ ಬರಬೇಕು?

ಆದರೆ ನಮ್ಮ ಭಾಷೆಯಲ್ಲಿ ಒಂದು ಪ್ರಾಮಾಣಿಕ ಪ್ರತ್ಯಯ ಇದೆ. ‘ಕೈಲಾಸಂ ಹೀಗೆ ಹೇಳಿದರಂತೆ.’ ನಾನು ಕೇಳಿಲ್ಲ, ಕೇಳಿದವರಿಂದ ಕೇಳಿದ್ದೇನೆ ಎಂಬ ಒಪ್ಪಿಗೆ ಆ ‘ಅಂತೆ’ಯಲ್ಲೇ ಬಂದುಬಿಡುತ್ತದೆ. ಅಜ್ಜಿಯರು ಕತೆ ಹೇಳುವಾಗ ಅದನ್ನು ಒಂದು ವಾಕ್ಯಕ್ಕೂ ಬಿಡುತ್ತಿರಲಿಲ್ಲ. ಬರೆಯುವಾಗ, ಅಚ್ಚು ಹಾಕುವಾಗ, ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುವಾಗ ಮೊದಲು ಉದುರುವುದು ಅದೇ. ಷಾ ವಿಷಯದಲ್ಲಿ ಆದದ್ದೂ ಅಷ್ಟೇ. ಅವರಿಗೂ ಒಂದು ಅಂಕಿತ ಇತ್ತು: ಜಿ.ಬಿ.ಎಸ್. ಪತ್ರಿಕೆಗಳಲ್ಲಿ ಸಂಗೀತ ವಿಮರ್ಶೆ ಬರೆಯುತ್ತಿದ್ದ ಕಾಲದಲ್ಲಿ, ಅಂದರೆ 1890ರ ಆಸುಪಾಸಿನಲ್ಲಿ, ಆ ಮೂರಕ್ಷರದ ಕೆಳಗೆ ಅವರು ಒಬ್ಬ ವ್ಯಕ್ತಿಯನ್ನೇ ಕಟ್ಟಿ ನಿಲ್ಲಿಸಿದರು. ಗಡ್ಡ, ಎತ್ತರದ ಒಣಕಲು ಮೈ, ಸಸ್ಯಾಹಾರ, ಎಲ್ಲದಕ್ಕೂ ಎದುರುತ್ತರ. ಅಂಥವನೊಬ್ಬ ಸಿದ್ಧವಾಗಿ ನಿಂತ ಮೇಲೆ ಊರಿನ ಅನಾಥ ಮಾತುಗಳೆಲ್ಲ ಅವನ ಮನೆ ಸೇರಿದವು.

ಹಾಗೆಂದು ಎಲ್ಲವೂ ಅಂತೆಕಂತೆ ಅಲ್ಲ. ಸಾಕ್ಷಿ ಸಮೇತ ನಿಲ್ಲುವ ಮಾತೊಂದನ್ನು ಮೊದಲು ಹೇಳಬೇಕು. ನನಗೆ ಷಾ ಅವರ ಎಲ್ಲ ಮಾತುಗಳಿಗಿಂತ ಪ್ರಿಯವಾದದ್ದೂ ಅದೇ.

1894ರ ಏಪ್ರಿಲ್ 21. ಲಂಡನ್ನಿನ ಅವೆನ್ಯೂ ಥಿಯೇಟರ್. ‘ಆರ್ಮ್ಸ್ ಅಂಡ್ ದ ಮ್ಯಾನ್’ ನಾಟಕದ ಮೊದಲ ಪ್ರದರ್ಶನ. ಬಲ್ಗೇರಿಯಾದ ಯುದ್ಧದ ಹಿನ್ನೆಲೆಯಲ್ಲಿ, ತೋಟಾ ಇಡಬೇಕಾದ ಚೀಲದಲ್ಲಿ ಚಾಕೊಲೇಟ್ ಇಟ್ಟುಕೊಂಡು ಓಡುವ ಸೈನಿಕನ ಕತೆ. ಯುದ್ಧವೆಂದರೆ ವೀರರಸವೆಂದು ನಂಬಿದ್ದ ಕಾಲದಲ್ಲಿ ಅದೊಂದು ಏಟು. ಮುಂಚೆ ಅದೇ ರಂಗದ ಮೇಲೆ ಬಂದ ಬೇರೊಂದು ನಾಟಕ ಸೋತುಹೋಗಿ, ಅವಸರದಲ್ಲಿ ಷಾ ನಾಟಕವನ್ನು ಏರಿಸಿದ್ದರು. ಜನ ನಕ್ಕರು, ಕುಣಿದಾಡಿದರು, ಕೊನೆಯಲ್ಲಿ ನಾಟಕಕಾರನನ್ನು ಕರೆಯಿರಿ ಎಂದು ಕೂಗಿದರು. ಷಾ ಪರದೆಯ ಮುಂದೆ ಬಂದು ನಿಂತರು. ಚಪ್ಪಾಳೆ ತಗ್ಗುವ ಹೊತ್ತಿಗೆ ಮೇಲಿನ ಗ್ಯಾಲರಿಯಿಂದ ಒಂದೇ ಒಂದು ದನಿ ‘ಬೂ’ ಎಂದು ಕೂಗಿತು. ಷಾ ಆ ಕಡೆ ತಿರುಗಿ, ಅಯ್ಯಾ ನನ್ನ ಅಭಿಪ್ರಾಯವೂ ನಿಮ್ಮದೇ, ಆದರೆ ಇಷ್ಟು ಜನರ ಎದುರು ನಾವಿಬ್ಬರೇ ಏನು ಮಾಡಲಾದೀತು ಎಂಬರ್ಥದ ಮಾತು ಹೇಳಿದರು.

ಈ ಮಾತನ್ನು ನಾನು ಯಾಕೆ ನಂಬುತ್ತೇನೆ? ತಾರೀಖು ಇದೆ, ಜಾಗ ಇದೆ, ಕೇಳಿದ ಕಿವಿಗಳಿವೆ. ಅವುಗಳಲ್ಲಿ ಒಂದು ಜೊತೆ ಕವಿ ಡಬ್ಲ್ಯು.ಬಿ. ಯೇಟ್ಸ್‌ರದು. ಅವರದೇ ಪುಟ್ಟ ನಾಟಕವೂ ಅದೇ ರಂಗದಲ್ಲಿ ಆಗ ನಡೆಯುತ್ತಿತ್ತು. ಷಾ ನಾಟಕದ ಬಗ್ಗೆ ಯೇಟ್ಸ್‌ರಿಗೆ ಮೆಚ್ಚುಗೆಯಷ್ಟೇ ಅಸಮಾಧಾನವೂ ಇತ್ತು. ಆದರೂ ಆ ಕ್ಷಣದಿಂದ ಷಾ ಎಂದರೆ ಎಲ್ಲರೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಆಳಾದರು ಎಂದು ತಮ್ಮ ಆತ್ಮಕತೆಯಲ್ಲಿ ನೆನೆದಿದ್ದಾರೆ. ಮೆಚ್ಚದವನ ಸಾಕ್ಷಿಗೆ ಬೆಲೆ ಜಾಸ್ತಿ. ಪದಗಳು ಒಬ್ಬೊಬ್ಬರ ನೆನಪಿನಲ್ಲಿ ತುಸು ಹೆಚ್ಚುಕಡಿಮೆ ಆಗಿವೆ, ಅದು ಸಹಜ. ಅಕ್ಷರ ಅಕ್ಷರವೂ ಒಂದೇ ಆಗಿದ್ದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರೇನೋ ಎಂಬ ಅನುಮಾನ ಬರುತ್ತಿತ್ತು.

ಇನ್ನೂ ದೊಡ್ಡ ಸಾಕ್ಷಿ ಬೇರೆ ಇದೆ. ಕೂಗಿದವರು ಯಾರು ಎಂಬುದೂ ಗೊತ್ತು. ಗೋಲ್ಡಿಂಗ್ ಬ್ರೈಟ್ ಎಂಬ ತರುಣ. ನಾಟಕ ವಿಮರ್ಶಕನಾಗಬೇಕೆಂಬ ಆಸೆಯಿದ್ದವನು. ಅದೇ ವರ್ಷ ಅವನು ಷಾ ಅವರಿಗೆ ಪತ್ರ ಬರೆದು ಸಲಹೆ ಕೇಳಿದ, ಷಾ ಉದ್ದುದ್ದನೆಯ ಉತ್ತರ ಬರೆದರು. ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು, ಬ್ರೈಟ್ ಮುಂದೆ ಹೆಸರಾಂತ ಸಾಹಿತ್ಯ ಏಜೆಂಟ್ ಆದರು. ಷಾ ಬರೆದ ಆ ಪತ್ರಗಳು 1955ರಲ್ಲಿ ಪುಸ್ತಕವಾಗಿ ಬಂದವು. ತುಂಬಿದ ಸಭೆಯಲ್ಲಿ ತನ್ನನ್ನು ಅಣಕಿಸಿದ ಹುಡುಗನನ್ನು ಒಂದು ಮಾತಿನಲ್ಲಿ ನಗಿಸಿ ಕೂರಿಸಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಅವನಿಗೇ ಕೂತು ವಿಮರ್ಶೆಯ ಪಾಠ ಹೇಳಿಕೊಟ್ಟದ್ದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೂಲ ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗುವ ಬಳುವಳಿ ಇದು.

ಇದರ ಪಕ್ಕದಲ್ಲಿ ಚರ್ಚಿಲ್ ಕತೆಯನ್ನು ಇಟ್ಟು ನೋಡಿ. ಭಾಷಣ ಮಾಡುವವರ ಜೇಬಿನಲ್ಲಿ ಇದಿಲ್ಲದ ದಿನವಿಲ್ಲ. ಷಾ ತಮ್ಮ ಹೊಸ ನಾಟಕದ ಮೊದಲ ಪ್ರದರ್ಶನಕ್ಕೆ ಚರ್ಚಿಲ್‌ರಿಗೆ ಎರಡು ಟಿಕೆಟ್ ಕಳಿಸಿ, ಒಂದು ನಿಮಗೆ, ಒಂದು ನಿಮ್ಮ ಗೆಳೆಯರಿಗೆ, ಅಂಥವರು ಇದ್ದರೆ, ಎಂದರಂತೆ. ಮೊದಲ ದಿನ ಬರಲಾಗದು, ಎರಡನೆಯ ಪ್ರದರ್ಶನಕ್ಕೆ ಬರುತ್ತೇನೆ, ಅದು ಇದ್ದರೆ, ಎಂದು ಚರ್ಚಿಲ್ ಉತ್ತರಿಸಿದರಂತೆ. ತಕ್ಕಡಿಯ ಎರಡು ತಟ್ಟೆ ಸಮ ನಿಂತ ಹಾಗೆ ಅಚ್ಚುಕಟ್ಟು. ನನಗೆ ಮೊದಲ ಅನುಮಾನ ಬಂದದ್ದೇ ಆ ಅಚ್ಚುಕಟ್ಟಿನಿಂದ. ಯಾವ ನಾಟಕ? ಒಬ್ಬರು ‘ಪಿಗ್ಮೇಲಿಯನ್’ ಎನ್ನುತ್ತಾರೆ, ಇನ್ನೊಬ್ಬರು ‘ಸೇಂಟ್ ಜೋನ್’. ಎರಡರ ನಡುವೆ ಹತ್ತು ವರ್ಷಗಳ ಅಂತರ, ನಡುವೆ ಒಂದು ಮಹಾಯುದ್ಧ. ಟೆಲಿಗ್ರಾಮೋ, ಪತ್ರವೋ? ಅದರಲ್ಲೂ ಒಮ್ಮತವಿಲ್ಲ. ಕಂಡವರು ಯಾರೂ ಇಲ್ಲ.

ಅದೃಷ್ಟವಶಾತ್ ಇಬ್ಬರೂ ಬದುಕಿದ್ದಾಗಲೇ, 1949ರಲ್ಲಿ, ಒಬ್ಬರಿಗೆ ನೇರ ಅವರನ್ನೇ ಕೇಳುವ ಬುದ್ಧಿ ಬಂತು. ಷಾ ಅವರಿಗೆ ಆಗ 93. ಇದು ಶುದ್ಧ ಸುಳ್ಳು, ಸಾಲದ್ದಕ್ಕೆ ರಾಜಕೀಯ ಮಾನಹಾನಿ ಎಂದು ಅವರು ಬರೆದು ತಿಳಿಸಿದರು. ಚರ್ಚಿಲ್ ಕಚೇರಿಯಿಂದ ಬಂದ ಉತ್ತರವೂ ಕತೆಯನ್ನು ಒಪ್ಪಲಿಲ್ಲ. ಆ ಕಾಗದಗಳು ಕೇಂಬ್ರಿಜ್‌ನ ಚರ್ಚಿಲ್ ದಾಖಲೆಗಳ ಭಂಡಾರದಲ್ಲಿವೆ. ಮಾತಾಡಿದ್ದಾರೆ ಎನ್ನಲಾದ ಇಬ್ಬರೂ ಇಲ್ಲ ಎಂದ ಮೇಲೆ ವಿಚಾರಣೆ ಮುಗಿಯಬೇಕಿತ್ತು. ಕತೆ ಮಾತ್ರ ಇನ್ನೂ ನಿಂತಿಲ್ಲ.

ಷಾ ಅವರನ್ನು ಸಣಕಲನೆಂದು ಒಬ್ಬ ದಪ್ಪ ಮನುಷ್ಯ ಹಾಸ್ಯ ಮಾಡುವ ಮಾತು ಇನ್ನೊಂದಿದೆ. ನಿಮ್ಮನ್ನು ನೋಡಿದರೆ ದೇಶಕ್ಕೆ ಬರಗಾಲ ಬಂದ ಹಾಗಿದೆ ಎಂದು ಆತ. ನಿಮ್ಮನ್ನು ನೋಡಿದರೆ ಅದಕ್ಕೆ ಕಾರಣ ಯಾರೆಂದು ತಿಳಿಯುತ್ತದೆ ಎಂದು ಷಾ. ಆ ದಪ್ಪ ಮನುಷ್ಯ ಒಂದು ಕಡೆ ಚೆಸ್ಟರ್ಟನ್, ಒಂದು ಕಡೆ ಪತ್ರಿಕೋದ್ಯಮಿ ನಾರ್ತ್‌ಕ್ಲಿಫ್, ಇನ್ನೊಂದು ಕಡೆ ಸಿನಿಮಾದ ಹಿಚ್‌ಕಾಕ್. ಷಾ ಮಾತ್ರ ಅಲುಗುವುದಿಲ್ಲ. ಯಕ್ಷಗಾನದಲ್ಲಿ ಎದುರು ವೇಷ ಬದಲಾಗುತ್ತಲೇ ಇದ್ದು ಒಂದೇ ವೇಷ ರಾತ್ರಿಯಿಡೀ ರಂಗದಲ್ಲಿ ನಿಂತ ಹಾಗೆ.

ಮೂಲ ಹುಡುಕುವವರ ದಾರಿಯಲ್ಲಿ ದೊಡ್ಡ ತೊಡಕು ಬೇರೆಯೇ ಇದೆ. ಅದು ಸ್ವತಃ ಷಾ. ಅವರು ತಮ್ಮ ಸಂದರ್ಶನಗಳನ್ನು ಎಷ್ಟೋ ಸಲ ತಾವೇ ಬರೆದುಕೊಟ್ಟರು, ಪ್ರಶ್ನೆಯನ್ನೂ ಸೇರಿಸಿ. ಅವರು ಬರೆದ ಪತ್ರಗಳ ಸಂಖ್ಯೆ ಎರಡೂವರೆ ಲಕ್ಷ ಎಂಬ ಅಂದಾಜಿದೆ. ಪದೇ ಪದೇ ಬರುವ ಪ್ರಶ್ನೆಗಳಿಗೆ ಅಚ್ಚು ಹಾಕಿಸಿದ ಪೋಸ್ಟ್‌ಕಾರ್ಡುಗಳನ್ನೇ ಕಳಿಸುತ್ತಿದ್ದರು. ಫ್ರಾಂಕ್ ಹ್ಯಾರಿಸ್ ಎಂಬವರು ಷಾ ಅವರ ಜೀವನಚರಿತ್ರೆ ಬರೆಯುತ್ತ 1931ರಲ್ಲಿ ತೀರಿಕೊಂಡಾಗ, ಆ ಪುಸ್ತಕದ ಕರಡು ತಿದ್ದಿ ಮುಗಿಸಿಕೊಟ್ಟವರು ಚರಿತ್ರೆಯ ನಾಯಕರಾದ ಷಾ! ಹೆಸ್ಕೆತ್ ಪಿಯರ್ಸನ್ 1942ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯ ಹಸ್ತಪ್ರತಿಯ ಮೇಲೂ ಅವರ ಕೈ ಆಡಿದೆ. ಹಾಗಾಗಿ ‘ಜೀವನಚರಿತ್ರೆಯಲ್ಲಿದೆ’ ಎಂದರೆ ಷಾ ಬಗ್ಗೆ ಬೇರೊಬ್ಬರು ಕೊಟ್ಟ ಸಾಕ್ಷಿ ಎಂದುಕೊಳ್ಳುವ ಹಾಗಿಲ್ಲ. ಸಾಕ್ಷಿಯ ಬಾಯಲ್ಲಿ ಎಷ್ಟೋ ಕಡೆ ಮಾತಾಡುತ್ತಿರುವುದು ಅವರೇ.

ಒಂದು ಉದಾಹರಣೆ. ಚೆಲುವೆಯೊಬ್ಬಳು ಷಾ ಅವರಿಗೆ, ನನ್ನ ರೂಪ ನಿಮ್ಮ ಬುದ್ಧಿ ಸೇರಿದರೆ ಎಂಥ ಮಗು ಹುಟ್ಟೀತು ಎಂದು ಬರೆದಳಂತೆ. ಮಗುವಿಗೆ ನನ್ನ ರೂಪವೂ ನಿಮ್ಮ ಬುದ್ಧಿಯೂ ಬಂದುಬಿಟ್ಟರೆ ಎಂದು ಇವರು ಕೇಳಿದರಂತೆ. ಆಕೆ ನರ್ತಕಿ ಇಸಡೋರಾ ಡಂಕನ್ ಎಂದು ಜಗತ್ತು ಹೇಳುತ್ತ ಬಂದಿದೆ. ಷಾ ಅದನ್ನು ನಿರಾಕರಿಸಿದರು. ಆದರೆ ಕತೆಯನ್ನು ಪೂರ್ತಿ ಕೈಬಿಡಲಿಲ್ಲ. ಪಿಯರ್ಸನ್ ಪುಸ್ತಕದಲ್ಲಿ ಅದು ಜೂರಿಕ್‌ನಿಂದ ಪತ್ರ ಬರೆದ ಅಪರಿಚಿತ ಹೆಂಗಸಿನ ಕತೆಯಾಗಿ ಉಳಿದಿದೆ. ಪತ್ರ ಬಂದಿತ್ತೇ, ಅಥವಾ ಜಗತ್ತು ತಮ್ಮ ಹೆಸರಲ್ಲಿ ಹೇಳುತ್ತಿದ್ದ ಒಳ್ಳೆಯ ಕತೆಯನ್ನು ಷಾ ಒಂದು ಹೆಸರು ಕಳಚಿ ತಮ್ಮದಾಗಿಸಿಕೊಂಡರೇ? ಅದರ ಮುದ್ರಿತ ಬೇರು ಕೊನೆಗೂ ಷಾ ಅವರ ಬಾಯಿಗೇ ಬಂದು ನಿಲ್ಲುತ್ತದೆ. ನನಗೆ ಇದು ನೋವಿನ ವಿಷಯ. ಬೇರೆಯವರ ಅಸತ್ಯವನ್ನು ಅಷ್ಟು ನಿಷ್ಠುರವಾಗಿ ಬಯಲಿಗೆಳೆಯುತ್ತಿದ್ದ ಮನುಷ್ಯ ತನ್ನ ದಂತಕತೆಯ ವಿಷಯದಲ್ಲಿ ಇಷ್ಟು ಸಡಿಲ ಬಿಡಬಾರದಿತ್ತು. ಅತ್ತ ಕತೆ ಅಲ್ಲಿಂದಲೂ ಹೊರಟು, ಈಗ ಐನ್‌ಸ್ಟೈನ್ ಮತ್ತು ಮರ್ಲಿನ್ ಮನ್ರೋ ಹೆಸರಲ್ಲಿ ನಮ್ಮ ಮೊಬೈಲುಗಳಿಗೆ ಬರುತ್ತಿದೆ.

ಶಾಲೆಯ ಗೋಡೆಗಳ ಮೇಲೆ, ತರಬೇತಿ ಶಿಬಿರಗಳ ತೆರೆಯ ಮೇಲೆ, ಡೈರಿಯ ಪುಟದಡಿ ಷಾ ಹೆಸರಿನಲ್ಲಿ ಕಾಣುವ ಮಾತುಗಳದು ಇನ್ನೊಂದು ಜಾತಿ. ನಾವಿಬ್ಬರೂ ಸೇಬು ಬದಲಾಯಿಸಿಕೊಂಡರೆ ಒಬ್ಬೊಬ್ಬರ ಬಳಿ ಒಂದೊಂದೇ ಸೇಬು, ವಿಚಾರ ಬದಲಾಯಿಸಿಕೊಂಡರೆ ಎರಡೆರಡು ವಿಚಾರ, ಎಂಬುದು ಅವುಗಳಲ್ಲಿ ಒಂದು. ಅಮೆರಿಕದ ಕೃಷಿ ಸಚಿವರಾಗಿದ್ದ ಚಾರ್ಲ್ಸ್ ಬ್ರಾನನ್ 1949ರಲ್ಲಿ ಬಾನುಲಿ ಭಾಷಣದಲ್ಲಿ ಹೇಳಿದ್ದು ಅದು. ಸಂವಹನದ ದೊಡ್ಡ ತೊಂದರೆಯೆಂದರೆ ಅದು ನಡೆದೇಹೋಯಿತೆಂಬ ಭ್ರಮೆ ಎಂಬರ್ಥದ ಮಾತು ವಿಲಿಯಂ ವೈಟ್ ಎಂಬ ಅಮೆರಿಕನ್ ಬರಹಗಾರರು 1950ರಲ್ಲಿ ‘ಫಾರ್ಚೂನ್’ ಪತ್ರಿಕೆಗೆ ಬರೆದದ್ದರಿಂದ ಬೆಳೆದದ್ದು. ಹಂದಿಯ ಜೊತೆ ಕುಸ್ತಿ ಆಡಬೇಡ ಎಂಬುದು ಅಮೆರಿಕದ ಕಾರ್ಮಿಕ ಸಂಧಾನಕಾರ ಸೈರಸ್ ಚಿಂಗ್ ಹೆಸರಿನಲ್ಲಿ ಮೊದಲು ಓಡಾಡಿದ್ದು. ಅಮೆರಿಕ ಮತ್ತು ಇಂಗ್ಲೆಂಡ್ ಒಂದೇ ಭಾಷೆಯಿಂದ ಬೇರೆಯಾದ ಎರಡು ದೇಶಗಳು ಎಂಬುದನ್ನು 1942ರಲ್ಲಿ ‘ರೀಡರ್ಸ್ ಡೈಜೆಸ್ಟ್’ ಷಾ ಹೆಸರಿಗೆ ಹಾಕಿತು. ಅವರ ಅಚ್ಚಾದ ಬರಹಗಳಲ್ಲಿ ಅದಿಲ್ಲ. ಹೆಚ್ಚುಕಡಿಮೆ ಅದೇ ಅರ್ಥದ ಮಾತು ಆಸ್ಕರ್ ವೈಲ್ಡ್ 1887ರಲ್ಲಿ ಬರೆದ ಒಂದು ದೆವ್ವದ ಕತೆಯಲ್ಲಿದೆ. ವೈಲ್ಡ್ ಕೂಡ ಡಬ್ಲಿನ್ನಿನವರೇ, ಹಾಸ್ಯ ನಾಟಕಕಾರರೇ. ಒಬ್ಬರ ಮಾತು ಇನ್ನೊಬ್ಬರ ಮನೆಗೆ ಹೋಗಲು ಬೀದಿ ದಾಟಬೇಕಾಗಿಯೂ ಇಲ್ಲ.

ಇವನ್ನೆಲ್ಲ ಒಂದು ಕಡೆ, ನಿಜವಾಗಿ ಷಾ ಬರೆದದ್ದನ್ನು ಇನ್ನೊಂದು ಕಡೆ ಇಟ್ಟು ಬಹಳ ದಿನ ನೋಡಿದ ಮೇಲೆ ನನಗೊಂದು ವ್ಯತ್ಯಾಸ ಕಾಣತೊಡಗಿತು. ಗೋಡೆಯ ಮೇಲಿನ ಮಾತುಗಳಿಂದ ಯಾರಿಗೂ ನೋವಾಗುವುದಿಲ್ಲ. ಸೇಬಿನ ಮಾತಿಗೆ ಮಾಲೀಕ, ಕಾರ್ಮಿಕ, ಮಂತ್ರಿ ಎಲ್ಲರೂ ತಲೆದೂಗಬಹುದು. ಷಾ ಅವರ ಸ್ವಂತ ಮಾತು ಹಾಗಲ್ಲ. ಅದರಲ್ಲಿ ಯಾವಾಗಲೂ ಒಂದು ಜಗಳ ಇರುತ್ತದೆ, ಜಗಳಕ್ಕೆ ಒಂದು ವಿಳಾಸ ಇರುತ್ತದೆ. 1892ರಲ್ಲಿ ಬಂದ ಮೊದಲ ನಾಟಕದಲ್ಲೇ ಕೊಳೆಗೇರಿಯ ಬಾಡಿಗೆ ತಿನ್ನುವ ಗೌರವಸ್ಥರನ್ನು ಹೆಸರು ಹಿಡಿದು ಕರೆದ ಹಾಗೆ ಕರೆದರು. ವೇಶ್ಯಾವೃತ್ತಿಗೆ ಕಾರಣ ಹೆಂಗಸರ ಕೆಟ್ಟತನವಲ್ಲ, ಅವರಿಗೆ ಸಿಗುವ ಕೂಲಿ ಎಂದು ವಾದಿಸಿದ ‘ಮಿಸೆಸ್ ವಾರನ್ಸ್ ಪ್ರೊಫೆಷನ್’ 1893ರಲ್ಲಿ ಬರೆದದ್ದು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಪರವಾನಗಿ ಸಿಕ್ಕಿದ್ದು 1925ರ ಹೊತ್ತಿಗೆ. ಮೂವತ್ತು ವರ್ಷ ಸರ್ಕಾರ ಅದುಮಿಟ್ಟ ಮನುಷ್ಯನ ಬಾಯಲ್ಲಿ ನಾವು ಇವತ್ತು ಸೇಬು ಹಂಚಿಸುತ್ತಿದ್ದೇವೆ. ಸುಳ್ಳು ಹೆಸರು ಹಾಕುವುದರಿಂದ ಆಗುವ ನಿಜವಾದ ಹಾನಿ ಇಲ್ಲಿದೆ. ಮೊನಚಾದ ಮನುಷ್ಯ ಸುಭಾಷಿತಕಾರನಾಗುತ್ತಾನೆ, ಅವನು ಯಾರ ಮೇಲೆ ಸಿಟ್ಟಾಗಿದ್ದ ಎಂಬುದು ಮರೆತುಹೋಗುತ್ತದೆ.

ಅವರೇ ಬರೆದ ಮಾತುಗಳಿಗೂ ಬೇರೆ ಬಗೆಯ ಅನ್ಯಾಯ ಆಗಿದೆ. ಬಲ್ಲವನು ಕೆಲಸ ಮಾಡುತ್ತಾನೆ, ಬಾರದವನು ಮೇಷ್ಟ್ರಾಗುತ್ತಾನೆ ಎಂಬರ್ಥದ ಮಾತಿನಿಂದ ಎಷ್ಟೋ ಜನ ಅಧ್ಯಾಪಕರು ನೊಂದಿದ್ದಾರೆ. ಅದು 1903ರ ‘ಮ್ಯಾನ್ ಅಂಡ್ ಸೂಪರ್‌ಮ್ಯಾನ್’ ನಾಟಕದ ಅನುಬಂಧದಲ್ಲಿದೆ. ಆದರೆ ಅನುಬಂಧ ಬರೆದವನು ನಾಟಕದ ನಾಯಕ ಜಾನ್ ಟ್ಯಾನರ್ ಎಂದು ಷಾ ಅಲ್ಲೇ ಹೇಳಿದ್ದಾರೆ. ಹೆಸರಿನ ಮುಂದೆ, ತಾನು ಕೆಲಸವಿಲ್ಲದ ಶ್ರೀಮಂತ ವರ್ಗದ ಸದಸ್ಯ ಎಂದು ಬಿರುದು ಬೇರೆ ಹಾಕಿಕೊಂಡಿರುವ ಆಸಾಮಿ ಅವನು. ನಾಟಕಕಾರನ ಮಾತಿಗೆ ಇನ್ನೊಂದು ಬಾಯಿ ಇರುತ್ತದೆ. ದುರ್ಯೋಧನನ ಮಾತನ್ನು ರನ್ನನ ಅಭಿಪ್ರಾಯ ಎಂದು ನಾವು ಹೇಳುವುದಿಲ್ಲವಲ್ಲ.

ಇದಕ್ಕಿಂತ ದೊಡ್ಡ ಪ್ರಯಾಣ ಇನ್ನೊಂದು ಮಾತಿನದು. ಇರುವುದನ್ನು ಕಂಡು ಯಾಕೆ ಎಂದು ಕೇಳುವವರು ಕೆಲವರು, ಇಲ್ಲದ್ದನ್ನು ಕನಸಿ ಯಾಕಾಗಬಾರದು ಎಂದು ಕೇಳುವವರು ಕೆಲವರು, ಎಂಬ ಧಾಟಿಯ ಮಾತು. ಅಧ್ಯಕ್ಷ ಜಾನ್ ಕೆನಡಿ 1963ರ ಜೂನ್‌ನಲ್ಲಿ ಐರ್ಲೆಂಡಿನ ಸಂಸತ್ತಿನಲ್ಲಿ ಅದನ್ನು ಷಾ ಹೆಸರು ಹೇಳಿಯೇ ಬಳಸಿದರು. ತಮ್ಮ ರಾಬರ್ಟ್ ಕೆನಡಿ 1968ರ ಚುನಾವಣಾ ಪ್ರಚಾರದಲ್ಲಿ ಭಾಷಣದ ಕೊನೆಗೆ ಷಾ ಹೆಸರೆತ್ತಿ ಇದನ್ನೇ ಹೇಳುತ್ತಿದ್ದರು. ಷಾ ಹೆಸರು ಕಿವಿಗೆ ಬಿದ್ದೊಡನೆ ವರದಿಗಾರರು ಬಸ್ಸಿನತ್ತ ಓಡುತ್ತಿದ್ದರು, ಭಾಷಣ ಮುಗಿಯಿತೆಂಬುದಕ್ಕೆ ಅದೇ ಗುರುತು. ಅದೇ ವರ್ಷದ ಜೂನ್‌ನಲ್ಲಿ ರಾಬರ್ಟ್ ಕೊಲೆಯಾದರು. 8ರಂದು ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಚರ್ಚಿನಲ್ಲಿ ಕಿರಿಯ ತಮ್ಮ ಎಡ್ವರ್ಡ್, ಗಂಟಲು ಕಟ್ಟಿದ ದನಿಯಲ್ಲಿ, ಅಣ್ಣ ಸದಾ ಹೇಳುತ್ತಿದ್ದ ಮಾತೆಂದು ಅದನ್ನು ನೆನೆದು ಮುಗಿಸಿದರು. ಆ ದುಃಖದ ಗಳಿಗೆಯಲ್ಲಿ ಷಾ ಹೆಸರು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅಂದಿನಿಂದ ಅದು ಕೆನಡಿಯವರ ಮಾತಾಯಿತು. ತಮ್ಮದಲ್ಲದ ನೂರು ಮಾತು ಹೊತ್ತ ಷಾ, ತಮ್ಮದೇ ಒಂದನ್ನು ಹೀಗೆ ಕಳೆದುಕೊಂಡರು.

ಇನ್ನೂ ಹಿಂದಕ್ಕೆ ಹೋದರೆ, 1921ರ ‘ಬ್ಯಾಕ್ ಟು ಮೆಥೂಸೆಲಾ’ ನಾಟಕದಲ್ಲಿ ಆ ಮಾತು ಆಡುವುದು ಯಾರು? ಈಡನ್ ತೋಟದ ಸರ್ಪ. ಕೇಳಿಸಿಕೊಳ್ಳುವವಳು ಈವ್. ಸಾವನ್ನು ಮೊದಲ ಬಾರಿಗೆ ಕಂಡು ಬೆದರಿದ ಹೆಂಗಸಿಗೆ, ಹುಟ್ಟಿಸುವ ಗುಟ್ಟನ್ನು ಹೇಳಿಕೊಡುವ ಮುನ್ನ ಸರ್ಪ ಅವಳಲ್ಲಿ ಆಸೆ ಮೂಡಿಸುತ್ತಿದೆ. ಅದು ಧೈರ್ಯವೋ, ಪ್ರಲೋಭನೆಯೋ? ಷಾ ಎರಡನ್ನೂ ಬಿಚ್ಚದೆ ಹೆಣೆದಿದ್ದಾರೆ. ಮಾತನ್ನು ನಾಟಕದಿಂದ ಕಿತ್ತು ತಂದವರ ಕೈಗೆ ಧೈರ್ಯ ಬಂತು, ಹಾವು ಅಲ್ಲೇ ಉಳಿಯಿತು.

ನಮ್ಮ ದೇಶಕ್ಕೆ ಸಂಬಂಧಪಟ್ಟ ಮಾತೊಂದಿದೆ, ಅದು ಗಟ್ಟಿ. ಗಾಂಧೀಜಿಯನ್ನು ಷಾ 1931ರಲ್ಲಿ ಲಂಡನ್ನಿನಲ್ಲಿ ಕಂಡಿದ್ದರು. 1948ರ ಜನವರಿ 30ರ ಸುದ್ದಿ ತಲುಪಿದಾಗ, ಅತಿ ಒಳ್ಳೆಯವನಾಗಿರುವುದು ಎಷ್ಟು ಅಪಾಯಕಾರಿ ಎಂಬುದನ್ನು ಇದು ತೋರಿಸುತ್ತದೆ ಎಂದರು 91ರ ಆ ಮುದುಕ. ಪತ್ರಿಕೆಗಳು ಕೂಡಲೇ ಅಚ್ಚು ಹಾಕಿದವು. ಇದನ್ನು ಹಾಸ್ಯೋಕ್ತಿಗಳ ಪಟ್ಟಿಯಲ್ಲಿ ಸೇರಿಸುವುದು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ತಾರೀಖಿನ ಪಕ್ಕದಲ್ಲಿಟ್ಟು ಓದಿದರೆ ಅದರಲ್ಲಿ ನಗುವೇ ಇಲ್ಲ.

ಹೋದ ಬೇಸಿಗೆಯಲ್ಲಿ ಎಂಟನೆಯ ತರಗತಿಯ ನನ್ನ ತಂಗಿಯ ಮೊಮ್ಮಗಳು ರಜೆಗೆ ಬಂದಿದ್ದಳು. ಒಂದು ಸಂಜೆ ಕಾಗದದ ಮೇಲೆ ಐದು ಅಕ್ಷರ ಬರೆದು ‘ಓದು ಅಜ್ಜಾ’ ಅಂದಳು. ‘ಮೀನು’ ಅಂದೆ. ‘ನಿಂಗೂ ಗೊತ್ತಾ? ಬರ್ನಾರ್ಡ್ ಷಾ ಹೇಳಿದ್ದು ಅಂತ ನಮ್ಮ ಮಿಸ್ ಹೇಳಿದ್ರು.’ ನಾನು ಅವಳಿಗೆ ವಿಲಿಯಂ ಆಲಿಯರ್ ಹೆಸರು ಬರೆಸಿದೆ, ಪಕ್ಕದಲ್ಲಿ 1855 ಎಂದೂ ಬರೆಸಿದೆ. ಅವಳ ಮುಖ ಸಪ್ಪಗಾಯಿತು. ‘ಹಾಗಾದ್ರೆ ಷಾ ಏನು ಹೇಳಿದ್ರು?’

ಆಗ ಅವಳಿಗೆ ಇನ್ನೊಂದು ಪದ ಬರೆದು ತೋರಿಸಿದೆ. ಬಾಂಬ್. ಇಂಗ್ಲಿಷಿನಲ್ಲಿ ಅದರ ಕೊನೆಗೊಂದು ಬಿ ಇದೆ, ಯಾರೂ ಅದನ್ನು ಉಚ್ಚರಿಸುವುದಿಲ್ಲ. 1941ರಲ್ಲಿ, ಇಂಗ್ಲೆಂಡಿನ ಮೇಲೆ ನಿಜವಾದ ಬಾಂಬುಗಳು ಬೀಳುತ್ತಿದ್ದ ಕಾಲದಲ್ಲಿ, ಭಾಷೆಯ ಹುಟ್ಟಿನ ಬಗ್ಗೆ ವಿಲ್ಸನ್ ಎಂಬ ಪ್ರೊಫೆಸರ್ ಬರೆದ ಪುಸ್ತಕಕ್ಕೆ ಷಾ ಮುನ್ನುಡಿ ಬರೆದರು. ಆ ಪದವನ್ನು ಒಂದು ನಿಮಿಷದಲ್ಲಿ ಎಷ್ಟು ಸಲ ಗೀಚಬಹುದೆಂದು ತಾವೇ ಬರೆದು ಎಣಿಸಿದ್ದರು. ಬಿ ಇಟ್ಟು ಬರೆದರೆ 18 ಸಲ, ಬಿ ಬಿಟ್ಟರೆ 24 ಸಲ. ಒಂದು ಮೂಕ ಅಕ್ಷರಕ್ಕಾಗಿ ಪ್ರತಿ ನಿಮಿಷದಲ್ಲೂ ಕಾಲು ಭಾಗ ಹಾಳು. ಇಂಗ್ಲಿಷ್ ಬರೆಯುವ ಜಗತ್ತಿನಲ್ಲೆಲ್ಲ, ವರ್ಷವಿಡೀ, ಇದರಿಂದ ವ್ಯರ್ಥವಾಗುವ ದುಡಿಮೆ ಎಷ್ಟು ಎಂದು 85ರ ಹತ್ತಿರದ ವಯಸ್ಸಿನಲ್ಲಿ ಅವರು ಲೆಕ್ಕ ಹಾಕುತ್ತ ಕೂತಿದ್ದರು.

‘ನಿಜವಾಗ್ಲೂ ಬರೆದು ಎಣಿಸಿದ್ರಾ?’

‘ಎಣಿಸಿದ್ರು.’

‘ಹದಿನೆಂಟೇನಾ?’

ಅವಳು ಒಳಗೆ ಹೋಗಿ ಪೆನ್ಸಿಲ್ ಹೆರೆದುಕೊಂಡು ಬಂದು ನೆಲದ ಮೇಲೆ ಕೂತಳು. ನಾನು ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದೆ.